ಹಳೆಯ ಕಾವ್ಯಕ್ಕೆ ಚಾರಿತ್ರಿಕ ಟಿಪ್ಪಣಿ

ಪಂಪನ ವಿಕ್ರಮಾರ್ಜುನ ವಿಜಯವನ್ನು ಮೊದಲ ಸಲ ಕೈಗೆತ್ತಿಕೊಂಡ ನಾವು ಕೆಲವು ಪುಟಗಳಲ್ಲಿಯೇ ತಡವರಿಸುತ್ತೇವೆ. ಅರ್ಜುನನಿಗೆ ಅರಿಕೇಸರಿಯೆಂಬ ಹೆಸರೇಕೆ? ಐವರ ಪತ್ನಿಯೆಂದು ನಾವು ಕೇಳಿರುವ ದ್ರೌಪದಿ ಇಲ್ಲಿ ಅರ್ಜುನನೊಬ್ಬನ ಮಡದಿಯಾದುದೇಕೆ? ಪಾಂಡವರ ಕಥೆಯ ನಡುವೆ ಗೊಜ್ಜಿಗ, ಬದ್ದೆಗ ಎಂಬ ಅರಸರು ಎಲ್ಲಿಂದ ಬಂದರು? ನಿಘಂಟಿನಲ್ಲಿ ಶಬ್ದದ ಅರ್ಥ ಸಿಕ್ಕೀತು. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕದು. ಅದನ್ನು ಚರಿತ್ರೆಯ ಟಿಪ್ಪಣಿಯೇ ಒದಗಿಸಬೇಕು.

ಕವಿಯ ಕಾಲದವರಿಗೆ ಇದರ ಅಗತ್ಯವಿರಲಿಲ್ಲ. 902ರಲ್ಲಿ ಹುಟ್ಟಿದ ಪಂಪನು 941ರಲ್ಲಿ ಆದಿಪುರಾಣವನ್ನು ಮುಗಿಸಿದನು. ಅವನ ಆಶ್ರಯದಾತನಾದ ಇಮ್ಮಡಿ ಅರಿಕೇಸರಿ ವೇಮುಲವಾಡದ ಚಾಲುಕ್ಯ, ರಾಷ್ಟ್ರಕೂಟರ ಸಾಮಂತ. ಗೊಜ್ಜಿಗನೆಂದರೆ ರಾಷ್ಟ್ರಕೂಟ ಚಕ್ರವರ್ತಿ ನಾಲ್ವಡಿ ಗೋವಿಂದ. ಅವನ ಕೋಪಕ್ಕೆ ಗುರಿಯಾದ ವಿಜಯಾದಿತ್ಯನನ್ನು ಅರಿಕೇಸರಿ ಕಾಪಾಡಿದನೆಂದೂ, ಸಾಮ್ರಾಜ್ಯವನ್ನು ಬದ್ದೆಗನಿಗೆ, ಎಂದರೆ ಮುಮ್ಮಡಿ ಅಮೋಘವರ್ಷನಿಗೆ, ದೊರಕಿಸಿದನೆಂದೂ ಪಂಪನು ಹೇಳುತ್ತಾನೆ. ಇಷ್ಟನ್ನು ಪುಟದ ಕೆಳಗೆ ಬರೆದರೆ, ಅರ್ಜುನನ ಸ್ತುತಿಯ ಹಿಂದೆ ತನ್ನ ಒಡೆಯನನ್ನು ಕಥಾನಾಯಕನೊಡನೆ ಬೆಸೆಯಹೊರಟ ಕವಿಯ ಸಾಹಸ ನಮಗೆ ಕಾಣುತ್ತದೆ. ಒಡೆಯನಿಗೆ ಹೋಲಿಸಿದ ವೀರನಿಗೆ ಐವರಲ್ಲಿ ಹಂಚಿಹೋದ ಹೆಂಡತಿ ಒಪ್ಪುವಳೆ? ದ್ರೌಪದಿಯ ಕಥೆ ಬದಲಾದುದು ಇದರಿಂದಲೇ ಎಂದು ಊಹಿಸಬಹುದು.

ಆದರೆ ಟಿಪ್ಪಣಿಗೂ ಆಯುಸ್ಸುಂಟು. ಈ ಕಾವ್ಯವನ್ನು ರೈಸ್ ಅವರು 1898ರಲ್ಲಿ ಅಚ್ಚು ಮಾಡಿಸಿದರು. ಸಾಹಿತ್ಯ ಪರಿಷತ್ತಿನ ಆವೃತ್ತಿ 1931ರಲ್ಲಿ ಬಂದಿತು. ಅರಿಕೇಸರಿ ಪಂಪನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನೆಂಬುದಕ್ಕೆ ಆಗ ಕವಿಯ ಮಾತೇ ಆಧಾರ. ಮುಂದೆ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಶಾಸನ ಬೆಳಕಿಗೆ ಬಂದಿತು. ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಬರೆಸಿದ ಆ ಶಾಸನವೂ ಧರ್ಮವುರದ ದಾನವನ್ನು ಹೇಳುತ್ತದೆ. ಕವಿಯ ಮಾತಿಗೆ ಕಲ್ಲಿನ ಸಾಕ್ಷಿ ದೊರೆಯಿತು. ಹಳೆಯ ಟಿಪ್ಪಣಿಯನ್ನು ತಿದ್ದಬೇಕಾಯಿತು.

ಆದುದರಿಂದ ಟಿಪ್ಪಣಿ ಬರೆಯುವ ನಾವು ಎರಡು ಕಟ್ಟಳೆಗಳನ್ನು ಪಾಲಿಸಬೇಕು. ಮೂಲದ ಒಂದಕ್ಷರವನ್ನೂ ನಮ್ಮ ಅನುಕೂಲಕ್ಕಾಗಿ ಬದಲಿಸಬಾರದು. ನಾವು ಹೇಳುವುದು ಕವಿಯ ಮಾತೋ, ಶಾಸನದ ಸಾಕ್ಷಿಯೋ, ನಮ್ಮ ಊಹೆಯೋ ಎಂಬುದನ್ನು ಮರೆಮಾಚಬಾರದು. ಟಿಪ್ಪಣಿಯಿಲ್ಲದಿದ್ದರೆ ಓದುಗನು ಪುಸ್ತಕವನ್ನು ಮುಚ್ಚಿಟ್ಟಾನು, ಅಷ್ಟೆ. ಊಹೆಯನ್ನು ಚರಿತ್ರೆಯೆಂದು ಬರೆದರೆ ಮುಂದಿನ ಓದುಗರೆಲ್ಲರೂ ದಾರಿ ತಪ್ಪುತ್ತಾರೆ.