ವೇಷ ಕಟ್ಟುವ ಕೈಗಳು

ಜಪಾನಿನ ಅನಿಮೆ ಚಿತ್ರಗಳ ವೀರನಂತೆ ಕವಚ, ಉದ್ದನೆಯ ಕತ್ತಿ, ನೀಲಿ ಕೂದಲು ಧರಿಸಿ ಬೆಂಗಳೂರಿನ ಕಾಮಿಕ್ ಕಾನ್ ಮೇಳದಲ್ಲಿ ಓಡಾಡುವ ತರುಣರನ್ನು ಕಂಡು ‘ಇದೆಲ್ಲಿಯ ಹುಚ್ಚು’ ಎನ್ನುವವರುಂಟು. ‘ಕಾಸ್‌ಪ್ಲೇ’ ಎಂಬ ಹೆಸರೇನೋ ಹೊಸತು. ಆದರೆ ಹಗುರವಾದ ವಸ್ತುವನ್ನು ಕೊರೆದು, ಅದಕ್ಕೆ ಲೋಹದ ಹೊಳಪು ಕೊಟ್ಟು, ಮೈಗೆ ಬಿಗಿದು ಮನುಷ್ಯನನ್ನು ಬೇರೊಬ್ಬನನ್ನಾಗಿ ಮಾಡುವ ಕಸುಬು ಕನ್ನಡ ನಾಡಿಗೆ ಹೊಸತಲ್ಲ.

ಈ ಹವ್ಯಾಸದ ಮೂಲವನ್ನು ಸಾಮಾನ್ಯವಾಗಿ 1939ರ ನ್ಯೂಯಾರ್ಕಿನಲ್ಲಿ ಗುರುತಿಸಲಾಗುತ್ತದೆ. ಅಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್‌ಮನ್ ಮತ್ತು ಮಿರ್ಟಲ್ ಡಗ್ಲಾಸ್ ಭವಿಷ್ಯದ ಮನುಷ್ಯರ ಉಡುಪು ತೊಟ್ಟು ಬಂದಿದ್ದರು. ಎರಡನ್ನೂ ಹೊಲಿದವರು ಡಗ್ಲಾಸ್. ಆದರೂ ಹೆಚ್ಚು ಪ್ರಸಿದ್ಧಿಗೆ ಬಂದದ್ದು ಅಕರ್‌ಮನ್ ಹೆಸರು. 1980ರ ದಶಕದ ಆರಂಭದಲ್ಲಿ ಜಪಾನಿನ ನೊಬುಯುಕಿ ತಕಾಹಾಶಿ ‘ಕಾಸ್ಟ್ಯೂಮ್’ ಮತ್ತು ‘ಪ್ಲೇ’ ಪದಗಳನ್ನು ಕೂಡಿಸಿ ಈ ಹೆಸರು ಕೊಟ್ಟರು. 2012ರಲ್ಲಿ ಬೆಂಗಳೂರಿಗೂ ಕಾಮಿಕ್ ಕಾನ್ ಬಂತು.

ಕವಚ ತಯಾರಾಗುವ ಬಗೆ ಕುತೂಹಲಕರ. ಮೊದಲು ಮೈಗೆ ತೆಳು ಪ್ಲಾಸ್ಟಿಕ್ ಮತ್ತು ಟೇಪು ಸುತ್ತಿ, ಅದರ ಮೇಲೆ ಗೆರೆ ಎಳೆದು, ಕತ್ತರಿಸಿ ತೆಗೆದು ಅಳತೆಯ ಪಡಿಯಚ್ಚು ಮಾಡಿಕೊಳ್ಳುತ್ತಾರೆ. ಮಕ್ಕಳ ಆಟದ ಚಾಪೆಗಳಲ್ಲಿ ಕಾಣುವ ಇವಿಎ ಫೋಮ್ ಹಾಳೆಯನ್ನು ಆ ಅಚ್ಚಿನಂತೆ ಕೊಯ್ಯುತ್ತಾರೆ. ಹೀಟ್ ಗನ್‌ನಿಂದ ಬಿಸಿಗಾಳಿ ಹಾಯಿಸಿದರೆ ಫೋಮ್ ಮೆತ್ತಗಾಗುತ್ತದೆ. ಬಗ್ಗಿಸಿ ಹಿಡಿದರೆ ಆರಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಅಂಟು ಹಚ್ಚಿ ಜೋಡಿಸಿ, ಬಣ್ಣ ಹೀರದಂತೆ ಲೇಪ ಕೊಟ್ಟು, ಮೇಲೆ ಬೆಳ್ಳಿಬಣ್ಣ, ಸಂದುಗಳಲ್ಲಿ ಕಪ್ಪು ತೀಡಿದರೆ ದೂರದಿಂದ ಉಕ್ಕೇ ಎನಿಸುತ್ತದೆ.

ಇದೇ ಉಪಾಯವನ್ನು ನಮ್ಮ ಬಯಲಾಟಗಳಲ್ಲೂ ಕಾಣಬಹುದು. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು ಈಗ ದಾವಣಗೆರೆಗೆ ಸೇರಿರುವ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ, ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಊರು. ಇಲ್ಲಿಂದ ಮೂಡಲಿಗೆ ಮೂಡಲಪಾಯ, ದೊಡ್ಡಾಟಗಳ ಸೀಮೆ; ಪಡುವಲಿಗೆ ಘಟ್ಟ ಇಳಿದರೆ ಕರಾವಳಿಯ ಯಕ್ಷಗಾನ. ಎರಡರಲ್ಲೂ ಕಿರೀಟ, ಭುಜಕೀರ್ತಿಗಳು ಚಿನ್ನದವಲ್ಲ. ಹಗುರ ಮರವನ್ನು ಕೆತ್ತಿ, ಮೇಲೆ ಬೇಗಡೆ ಅಥವಾ ಬಣ್ಣದ ಕಾಗದ ಅಂಟಿಸಿ, ಕನ್ನಡಿ ಚೂರುಗಳನ್ನು ಕೂರಿಸಿದವು. ರಾತ್ರಿಯಿಡೀ ಕುಣಿಯುವವನ ಕತ್ತು ಸೋಲಬಾರದು, ದೀಪದ ಬೆಳಕು ಬಿದ್ದರೆ ಮಿಂಚಬೇಕು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಬಡಗುತಿಟ್ಟಿನ ಮುಂಡಾಸನ್ನಂತೂ ಪ್ರತಿ ಆಟಕ್ಕೂ ಹೊಸದಾಗಿಯೇ ಕಟ್ಟಬೇಕು.

ಹಾಗಾದರೆ ವ್ಯತ್ಯಾಸವೆಲ್ಲಿ? ಯಕ್ಷಗಾನದ ವೇಷ ಹೇಳುವುದು ಪಾತ್ರದ ವರ್ಗವನ್ನು: ರಾಜವೇಷ, ಬಣ್ಣದ ವೇಷ, ಸ್ತ್ರೀವೇಷ. ಇಂದು ಒಬ್ಬ ರಾಜನ ತಲೆಯ ಮೇಲಿದ್ದ ಕಿರೀಟ ನಾಳೆ ಇನ್ನೊಬ್ಬನಿಗೆ ಸಲ್ಲುತ್ತದೆ. ಅದು ಮೇಳದ ಅಥವಾ ಊರಿನ ಸೊತ್ತು. ಕಾಸ್‌ಪ್ಲೇಯ ಕವಚ ಒಂದೇ ಪಾತ್ರದ್ದು, ಒಬ್ಬರದೇ ಮೈಯಳತೆಯದು.

ಇನ್ನೊಂದು ವ್ಯತ್ಯಾಸ ಯೋಚಿಸುವಂಥದ್ದು. ಕಾಸ್‌ಪ್ಲೇ ಸ್ಪರ್ಧೆಗಳಲ್ಲಿ ಯಾವ ಭಾಗವನ್ನು ಸ್ವಂತ ಕೈಯಿಂದ ಮಾಡಿದ್ದು ಎಂಬ ಪ್ರಶ್ನೆಗೆ ಬೆಲೆಯಿದೆ. ತಯಾರಿಕೆಯ ಹಂತ ಹಂತದ ಚಿತ್ರಗಳನ್ನೂ ಸ್ಪರ್ಧಿಗಳು ಕಾದಿಡುತ್ತಾರೆ. ನಮ್ಮ ಬಯಲಾಟದಲ್ಲಿ ಭಾಗವತರ ಹೆಸರು ಉಳಿಯುತ್ತದೆ, ವೇಷಧಾರಿಯ ಹೆಸರು ಉಳಿಯುತ್ತದೆ. ಕಿರೀಟ ಕೆತ್ತಿದವನ ಹೆಸರು ಕೇಳುವವರು ವಿರಳ. ಕರಾವಳಿಯ ಆಟಕ್ಕೆ ಶಿವರಾಮ ಕಾರಂತರಂಥ ಸಂಶೋಧಕರು ದೊರೆತರು, ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಮೂಡಲಪಾಯವನ್ನು ಜೀ.ಶಂ. ಪರಮಶಿವಯ್ಯನವರು ಅಧ್ಯಯನಕ್ಕೆ ತಂದರು. ಇನ್ನು ಹಳ್ಳಿಗಳ ಅಟ್ಟಗಳಲ್ಲಿರುವ ಹಳೆಯ ಭುಜಕೀರ್ತಿಗಳನ್ನು ಮಾಡಿದವರು ಯಾರು, ಯಾವ ಮರದಿಂದ ಮಾಡಿದರು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕಾಗಿದೆ.