ಕಾಗೋಡು ಕಳಿಸಿದ ಶಾಸಕ

ಸಾಗರ ತಾಲೂಕಿನ ಕಾಗೋಡಿನಲ್ಲಿ ಬೆಳೆಯುತ್ತಿದ್ದದ್ದು ಭತ್ತ. ಉಳುತ್ತಿದ್ದವರು ದೀವರ ಸಮುದಾಯದವರು, ಭೂಮಿ ಒಡೆಯರದು. ಸುಗ್ಗಿ ಮುಗಿದ ಮೇಲೆ ಗೇಣಿ ಅಳೆಯುವ ಹೊತ್ತಿಗೆ ಕಣಕ್ಕೆ ಬರುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು. ಪ್ರತಿ ಅಳತೆಗೂ ಒಂದಿಷ್ಟು ಭತ್ತ ಹೆಚ್ಚಿಗೆ ಹೋಗುತ್ತಿತ್ತು. ಕೇಳಿದವನಿಗೆ ಮುಂದಿನ ವರ್ಷ ಗದ್ದೆ ಸಿಗುತ್ತದೆಂಬ ಭರವಸೆ ಇರಲಿಲ್ಲ. ಈ ಅನ್ಯಾಯಕ್ಕೆ ಬಂದೂಕು ಬೇಕಿರಲಿಲ್ಲ, ಕೊಳಗವೊಂದೇ ಸಾಕಿತ್ತು.

ಗೇಣಿದಾರರನ್ನು ರೈತ ಸಂಘದಡಿ ಒಗ್ಗೂಡಿಸಿದವರು ಎಚ್. ಗಣಪತಿಯಪ್ಪ. ಮಾತುಕತೆ ಮುರಿದುಬಿದ್ದು, ಉಳುಮೆಗೇ ತಡೆ ಬಂದಾಗ, 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಅದೇ ಗದ್ದೆಗಳಿಗೆ ಇಳಿದರು. ಪೊಲೀಸರು ಹಿಡಿದರು. ಮರುದಿನ ಇನ್ನೊಂದು ತಂಡ, ಆಮೇಲೆ ಮತ್ತೊಂದು. ಸಮಾಜವಾದಿ ಪಕ್ಷ ಹೋರಾಟಕ್ಕೆ ಹೆಗಲು ಕೊಟ್ಟಿತು. ಜೂನ್‌ನಲ್ಲಿ ಸಾಗರಕ್ಕೆ ಬಂದ ರಾಮಮನೋಹರ ಲೋಹಿಯಾ ಕೂಡ ಬಂಧನಕ್ಕೊಳಗಾದರು.

ಆ ದಿನಗಳಲ್ಲಿ ಮುಂದೆ ನಿಂತವರು ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲೂಕಿನ ಆರಗದ ಕಡೆಯವರು, 1923ರಲ್ಲಿ ಹುಟ್ಟಿದವರು, ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಜೈಲು ಕಂಡವರು. ಕಾಗೋಡಿನ ಈ ಸತ್ಯಾಗ್ರಹದ ಮರುವರ್ಷವೇ, ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಸಾಗರ-ಹೊಸನಗರ ಕ್ಷೇತ್ರ ಅವರನ್ನು ವಿಧಾನಸಭೆಗೆ ಆರಿಸಿತು. ಕೈಯಲ್ಲಿ ಹಣವಿಲ್ಲದ ಆ ಅಭ್ಯರ್ಥಿಯನ್ನು ಗೆಲ್ಲಿಸಿದ್ದು ಕಾಗೋಡಿನ ನೆನಪು ಎಂದೇ ನನ್ನ ನಂಬಿಕೆ.

1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಆಳುವ ಪಕ್ಷದಲ್ಲಿ ಒಂದು ದಿನವೂ ಕೂರಲಿಲ್ಲ, ಮಂತ್ರಿಯಾಗಲಿಲ್ಲ. ಸದನದಲ್ಲಿ ಅವರು ಪಟ್ಟು ಹಿಡಿದದ್ದು ಮುಖ್ಯವಾಗಿ ಎರಡಕ್ಕೆ: ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ. ಎರಡೂ ಬೇರೆಯಲ್ಲ. ಕಚೇರಿಯ ಕಾಗದ ಓದಲಾಗದ ಗೇಣಿದಾರನಿಗೆ ಕಾನೂನು ಇದ್ದೂ ಇಲ್ಲದಂತೆಯೇ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬೇಕೆಂದೂ ವಾದಿಸಿದರು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನ ಹಿಂದೆ ಇರುವುದು ಇವರದೇ ಬದುಕು. ನಾ. ಡಿಸೋಜರ ‘ಕೊಳಗ’ಕ್ಕೆ ಕಾಗೋಡಿನ ಹೋರಾಟವೇ ವಸ್ತು.

1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ಗೌಡರು ತೀರಿಕೊಂಡರು. ಮರುವರ್ಷದ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಕಾಲದಲ್ಲಿ, ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ಮಲೆನಾಡಿನ ಗೇಣಿದಾರರು ಉಳುವ ಭೂಮಿಯ ಒಡೆತನ ಕೋರಿ ಡಿಕ್ಲರೇಷನ್ ಹಾಕಲು ಸಾಲು ನಿಂತರು. ಅದನ್ನು ಕಣ್ಣಾರೆ ಕಾಣಬೇಕಾಗಿದ್ದವರು ಇರಲಿಲ್ಲ ಎಂಬ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ.

ಕಾಗೋಡಿನದೇ ದೀವರ ಮನೆಯ ಹುಡುಗ, ಗೌಡರ ಹಾದಿಯಲ್ಲೇ ಸಮಾಜವಾದಿಯಾಗಿ ರಾಜಕೀಯಕ್ಕೆ ಬಂದ ಕಾಗೋಡು ತಿಮ್ಮಪ್ಪ, 2013ರಲ್ಲಿ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರಾದರು.