ಎಣ್ಣೆಯ ಸೋರಿಕೆಯೂ ಯಂತ್ರದ ಇತಿಹಾಸವೂ: ಮೈಸೂರಿನ ಜಾವಾ ಎಂಜಿನ್ನಿನ ಆಯಿಲ್ ಸೀಲು

ಯಂತ್ರಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಅವನ್ನು ನಿರ್ಮಿಸಿದವರ ಮತ್ತು ಕಾರ್ಖಾನೆ ಸ್ಥಾಪಿಸಿದವರ ಚರಿತ್ರೆಯನ್ನೇ ಬರೆಯುತ್ತಾರೆ. ಯಂತ್ರ ಹೇಗೆ ಕೆಡುತ್ತಿತ್ತು, ಕೆಟ್ಟುದನ್ನು ಯಾರು ಹೇಗೆ ಸರಿಪಡಿಸುತ್ತಿದ್ದರು ಎಂಬ ವಿಷಯ ದಾಖಲೆಗಳಲ್ಲಿ ದೊರೆಯುವುದು ವಿರಳ. ಹಳೆಯ ಮೋಟಾರು ಸೈಕಲ್ಲುಗಳ ಮಟ್ಟಿಗೆ ಈ ಕೊರತೆಯು ಒಂದು ತಪ್ಪು ಗ್ರಹಿಕೆಗೂ ಎಡೆಗೊಟ್ಟಿದೆ. ಹಳೆಯ ಗಾಡಿಯೆಂದ ಮೇಲೆ ಎಣ್ಣೆ ಸೋರಲೇಬೇಕು, ಅದು ಅದರ ಹುಟ್ಟುಗುಣ ಎಂದು ಹೇಳುವುದುಂಟು. ಈ ಮಾತು ಅರೆಸತ್ಯ. ಸೋರಿಕೆಗೆ ಕಾರಣವುಂಟು, ಆ ಕಾರಣಕ್ಕೆ ಕಾಲದೇಶಗಳೂ ಉಂಟು. ಮೈಸೂರಿನಲ್ಲಿ ತಯಾರಾದ ಜಾವಾ ಎಂಜಿನ್ನಿನ ಒಂದು ಅಲ್ಪ ಅಂಗವನ್ನು ಹಿಡಿದು ಇದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಜಾವಾ ಎಂಬುದಕ್ಕೂ ಅದೇ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. ಜೆಕ್ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳೊಡನೆ ವಾಂಡರರಿನ ಮೊದಲಕ್ಷರಗಳನ್ನು ಕೂಡಿಸಿದನು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆಯನ್ನಾರಂಭಿಸಿತು. 1970ರ ದಶಕದಲ್ಲಿ ಅಲ್ಲಿಯ ಗಾಡಿಗಳು ಯೆಜ್ಡಿ ಎಂಬ ಹೆಸರನ್ನು ತಾಳಿದುವು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ನಮ್ಮ ಚರ್ಚೆಗೆ ವಸ್ತುವಾದುದು ಆ 250 ಸಿ.ಸಿ. ಎಂಜಿನ್ನು: ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ನಡೆ 75 ಮಿಲಿಮೀಟರು, ಟೂ ಸ್ಟ್ರೋಕ್ ಕ್ರಮದ್ದು.

ಈ ಕ್ರಮವನ್ನು ತಿಳಿಯದೆ ಸೀಲಿನ ಮಹತ್ತ್ವ ತಿಳಿಯದು. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ 1891ರ ಸುಮಾರಿಗೆ ರೂಪಿಸಿದ ಉಪಾಯವಿದು. ಪಿಸ್ಟನ್ನು ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಶದಲ್ಲಿ ಒತ್ತಡ ತಗ್ಗಿ, ಕಾರ್ಬ್ಯುರೇಟರಿನಿಂದ ಪೆಟ್ರೋಲು ಗಾಳಿಗಳ ಮಿಶ್ರಣವು ಒಳಕ್ಕೆ ಸೆಳೆಯಲ್ಪಡುತ್ತದೆ. ಪಿಸ್ಟನ್ನು ಇಳಿಯುವಾಗ ಅದೇ ಮಿಶ್ರಣವು ಅಮುಕಲ್ಪಟ್ಟು ಸಿಲಿಂಡರಿಗೆ ಹರಿಯುತ್ತದೆ. ಎಂದರೆ ಕ್ರ್ಯಾಂಕ್ ಕೋಶವೇ ಒಂದು ಪಂಪು. ಅದರ ಎರಡು ಪಕ್ಕಗಳಲ್ಲಿಯೂ ತಿರುಗುವ ದಂಡವು ಗೋಡೆಯನ್ನು ತೂರಿ ಹೊರಬರಲೇಬೇಕು. ಆದರೆ ಗಾಳಿ ತೂರಬಾರದು. ಈ ವಿರೋಧವನ್ನು ಪರಿಹರಿಸುವ ಅಂಗವೇ ಸೀಲು. ಬುಲೆಟ್ಟಿನಂತಹ ಫೋರ್ ಸ್ಟ್ರೋಕ್ ಎಂಜಿನ್ನು ಸೋರಿದರೆ ನೆಲದ ಮೇಲೆ ಎಣ್ಣೆಯ ಕಲೆ ಬೀಳುತ್ತದೆ. ರೋಗ ಕಣ್ಣಿಗೆ ಕಾಣುತ್ತದೆ. ಜಾವಾದ ಸೀಲು ಸೋರುವುದು ಬಹುಪಾಲು ಒಳಮುಖವಾಗಿ. ನೆಲ ಒಣಗಿಯೇ ಇರುತ್ತದೆ, ಎಂಜಿನ್ನು ಕೆಡುತ್ತಿರುತ್ತದೆ.

ಮೊದಮೊದಲು ಈ ಕೆಲಸಕ್ಕೆ ಪ್ರತ್ಯೇಕ ಅಂಗವೇ ಇರಲಿಲ್ಲ. ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ನುಗಳಲ್ಲಿ ದಂಡವನ್ನು ಹೊತ್ತ ಉದ್ದನೆಯ ಕಂಚಿನ ಬುಷ್ಷೇ ಎಣ್ಣೆಯ ಪೊರೆಯ ನೆರವಿನಿಂದ ಗಾಳಿಯನ್ನೂ ತಡೆಯುತ್ತಿತ್ತು. ಬುಷ್ಷು ಸವೆದಂತೆ ತಡೆಯೂ ಹೋಗುತ್ತಿತ್ತು. ಗುಂಡುಗಳ ಬೇರಿಂಗು ಬಂದ ಮೇಲೆ ಘರ್ಷಣೆಯೇನೋ ತಗ್ಗಿತು, ಆದರೆ ಗುಂಡುಗಳ ಸಂದಿಯಲ್ಲಿ ಗಾಳಿ ನಿಲ್ಲದು. ಬೇರೆ ತಡೆ ಬೇಕಾಯಿತು. ಅದನ್ನು ಒದಗಿಸಿದವರಲ್ಲಿ ಮುಖ್ಯರು ಚರ್ಮ ಹದಮಾಡುವವರೆಂಬುದು ಸ್ವಾರಸ್ಯವಾದ ಸಂಗತಿ. ಜರ್ಮನಿಯ ವೈನ್‌ಹೈಮಿನಲ್ಲಿ 1849ರಲ್ಲಿ ಆರಂಭವಾದ ಫ್ರಾಯ್ಡೆನ್‌ಬರ್ಗ್ ಚರ್ಮೋದ್ಯಮವು 1929ರಲ್ಲಿ ಚರ್ಮದ ಸೀಲುಗಳ ತಯಾರಿಕೆಗೆ ಕೈಹಾಕಿತು. ಎಂಜಿನಿಯರ್ ವಾಲ್ಟರ್ ಸಿಮ್ಮರನ ಹೆಸರನ್ನು ಹೊತ್ತ ಸಿಮ್ಮರ್‌ರಿಂಗ್ 1930ರ ದಶಕದ ಆದಿಯಲ್ಲಿ ಮಾರುಕಟ್ಟೆಗೆ ಬಂದಿತು. ಚರ್ಮವು ಎಣ್ಣೆ ಕುಡಿದು ಮೆತ್ತಗಿರುವವರೆಗೆ ಸೊಗಸು, ಕಾವೇರಿದರೆ ಮುರುಟುತ್ತದೆ. ಅದೇ ದಶಕದಲ್ಲಿ ಎಣ್ಣೆಗೆ ಕರಗದ ನೈಟ್ರೈಲ್ ರಬ್ಬರು ಬಳಕೆಗೆ ಬಂದು ಚರ್ಮದ ಸ್ಥಾನವನ್ನು ಆಕ್ರಮಿಸಿತು. ಉಕ್ಕಿನ ಕವಚ, ರಬ್ಬರಿನ ತುಟಿ, ತುಟಿಯನ್ನು ದಂಡಕ್ಕೆ ಅಪ್ಪಿಸುವ ಬಳೆಯಾಕಾರದ ಸ್ಪ್ರಿಂಗು: ಇಂದಿಗೂ ಸೀಲಿನ ರಚನೆ ಇದೇ.

ಸಾಮಾನ್ಯ ರಬ್ಬರಿಗಿಂತ ಗಟ್ಟಿಗನಾದರೂ ನೈಟ್ರೈಲು ಅಮರವಲ್ಲ. ಕಾವಿನಿಂದಲೂ ವಯಸ್ಸಿನಿಂದಲೂ ಅದು ಬಿರುಸಾಗುತ್ತದೆ. ಬಹುಕಾಲ ನಿಂತೇ ಇದ್ದ ಗಾಡಿಯಲ್ಲಿ ತುಟಿಯು ದಂಡಕ್ಕೆ ಅಂಟಿಕೊಂಡಿದ್ದು, ಕಿಕ್ ಮಾಡಿದೊಡನೆ ಹರಿಯುವುದೂ ಉಂಟು. ಓಡಿದ ಗಾಡಿಗಿಂತ ಓಡದ ಗಾಡಿಯ ಸೀಲು ಬೇಗ ಕೆಟ್ಟಿರುವುದಕ್ಕೆ ಇದೇ ಕಾರಣ.

ಜಾವಾದ ಎಡ ಪಕ್ಕದಲ್ಲಿ ಕ್ಲಚ್ಚೂ ಅದರ ಚೈನೂ ಗೇರು ಪೆಟ್ಟಿಗೆಯ ಎಣ್ಣೆಯಲ್ಲಿಯೇ ತೊಯ್ದಿರುತ್ತವೆ. ಆ ಕಡೆಯ ಸೀಲು ಹೋದರೆ ಎಂಜಿನ್ನು ಆ ಎಣ್ಣೆಯನ್ನು ಹೀರಿ ಸುಡುತ್ತದೆ: ದಟ್ಟವಾದ ಬಿಳಿಯ ಹೊಗೆ, ಕರಿಗಟ್ಟಿದ ಪ್ಲಗ್ಗು, ದಿನೇ ದಿನೇ ಇಳಿಯುವ ಗೇರೆಣ್ಣೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಗಾಡಿಯಾದುದರಿಂದ ಸವಾರನು ಬೆರಕೆ ಹೆಚ್ಚಾಯಿತೆಂದು ಭ್ರಮಿಸಿ ಅದನ್ನೇ ತಗ್ಗಿಸುತ್ತಾನೆ. ಪಿಸ್ಟನ್ನಿಗೆ ಬರಬೇಕಾದ ಎಣ್ಣೆಗೆ ಸಂಚಕಾರ ಬರುತ್ತದೆ. ಬಲ ಪಕ್ಕದಲ್ಲಿರುವುದು ಡೈನಮೊ ಮತ್ತು ಪಾಯಿಂಟುಗಳು. ಅಲ್ಲಿಯ ಸೀಲು ಹೋದರೆ ಹೊಗೆಯಿಲ್ಲ. ಹೊರಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನು ತಾನಾಗಿ ಹುಚ್ಚೆದ್ದಂತೆ ಓಡುತ್ತದೆ, ಕಾವೇರಿ ಪಿಸ್ಟನ್ನು ಹಿಡಿದುಕೊಳ್ಳಲೂಬಹುದು. ಎರಡರಲ್ಲಿ ಇದೇ ಹೆಚ್ಚು ಅಪಾಯಕರವೆಂದು ನಮ್ಮ ಅಭಿಮತ. ನಿಶ್ಚಯ ಬೇಕಾದವರು ಕಾರ್ಬ್ಯುರೇಟರ್ ಮತ್ತು ಸೈಲೆನ್ಸರುಗಳ ಬಾಯಿ ಮುಚ್ಚಿ, ಕೋಶಕ್ಕೆ ಅಲ್ಪ ಒತ್ತಡದಿಂದ ಗಾಳಿ ತುಂಬಿ, ಸಂಶಯದ ಸ್ಥಳಗಳಿಗೆ ಸಾಬೂನಿನ ನೀರು ಸವರುತ್ತಾರೆ. ಗುಳ್ಳೆ ಸಾಕ್ಷಿ ಹೇಳುತ್ತದೆ.

ಸೀಲು ಬದಲಾಯಿಸುವುದು ಸುಲಭವೆಂದು ತೋರಿದರೂ ಅಲ್ಲಿಯೇ ಕಸಬಿನ ಪರೀಕ್ಷೆ. ಸೀಲಿನ ಮೇಲೆ ಅಚ್ಚೊತ್ತಿದ ಮೂರು ಅಂಕಿಗಳು ಒಳವ್ಯಾಸ, ಹೊರವ್ಯಾಸ, ದಪ್ಪಗಳನ್ನು ಸೂಚಿಸುತ್ತವೆ. ಅಳತೆ ಸರಿಹೊಂದಿದರೂ ದಂಡದ ಮೇಲೆ ಹಳೆಯ ತುಟಿಯು ಕೊರೆದ ಗೀರಿದ್ದರೆ ಹೊಸದೂ ಸೋರುತ್ತದೆ. ಆಗ ಸ್ಥಳವಿದ್ದಲ್ಲಿ ಒಂದೆರಡು ಮಿಲಿಮೀಟರು ಆಚೀಚೆ ಕೂರಿಸಿ ನಯವಾದ ಜಾಗವನ್ನು ತುಟಿಗೆ ಒದಗಿಸಬೇಕು. ದಂಡದ ಕೀಲಿಗಾಡಿಯ ಅಂಚು ತುಟಿಯನ್ನು ಕತ್ತರಿಸದಂತೆ ತೆಳುವಾದ ಟೇಪು ಸುತ್ತಿ, ತುಟಿಗೆ ಎಣ್ಣೆ ಸವರಿ ಜಾರಿಸಬೇಕು. ಎಲ್ಲಕ್ಕಿಂತ ಮೊದಲು ಬೇರಿಂಗನ್ನು ನೋಡಬೇಕು. ಅದು ಸವೆದು ದಂಡ ಅಲುಗುತ್ತಿದ್ದರೆ ಎಷ್ಟು ಒಳ್ಳೆಯ ಸೀಲೂ ಬಾಳದು. ಸೀಲಿನ ಮೇಲೆ ಹೊರಿಸುವ ಅಪವಾದದಲ್ಲಿ ಒಂದು ಪಾಲು ನ್ಯಾಯವಾಗಿ ಬೇರಿಂಗಿಗೆ ಸಲ್ಲಬೇಕು.

ಇನ್ನು ಇತಿಹಾಸಕಾರನಿಗೆ ಎದುರಾಗುವ ತೊಡಕು. ಇಂದು ಕೆಲವರು ನೈಟ್ರೈಲಿಗೆ ಬದಲಾಗಿ 1957ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಪ್ರಚಾರಕ್ಕೆ ತಂದ ವೈಟಾನಿನ ಸೀಲನ್ನು ಹಾಕುತ್ತಾರೆ. ಅದು ಹೆಚ್ಚು ಕಾವನ್ನು ತಾಳುತ್ತದೆ. ಗಾಡಿಯ ದೃಷ್ಟಿಯಿಂದ ಆಕ್ಷೇಪಿಸಲಾಗದು. ಆದರೆ ಕಿತ್ತ ಸೀಲು ಕಸದ ಬುಟ್ಟಿಗೆ ಹೋಗುತ್ತದೆ. ಅದರ ಮೇಲಿನ ತಯಾರಕರ ಗುರುತು, ತುಟಿ ಸವೆದ ಬಗೆ, ಜೆಕೊಸ್ಲೊವಾಕಿಯದ್ದೋ ದೇಶೀಯವೋ ಎಂಬ ಸುಳಿವು, ಎಲ್ಲವೂ ಅಲ್ಲಿಗೆ ಮುಗಿಯುತ್ತವೆ. ಕಾರ್ಖಾನೆ ಮುಚ್ಚಿದ ಮೇಲೆ ಈ ಎಂಜಿನ್ನುಗಳನ್ನು ಬದುಕಿಸಿಟ್ಟವರು ಮೆಕ್ಯಾನಿಕ್ಕುಗಳು. ಅವರ ವಿದ್ಯೆ ಕೈಯಲ್ಲಿದೆ, ಕಾಗದದಲ್ಲಿಲ್ಲ. ಅವರಲ್ಲಿ ಹಿರಿಯರಾದವರು ಇರುವಾಗಲೇ ನಮ್ಮ ವಿದ್ಯಾರ್ಥಿಗಳು ಗ್ಯಾರೇಜುಗಳಿಗೆ ಹೋಗಿ, ಕಿತ್ತ ಪ್ರತಿಯೊಂದು ಸೀಲಿಗೂ ಚೀಟಿ ಕಟ್ಟಿ, ಎಂಜಿನ್ನಿನ ಸಂಖ್ಯೆ, ಎಡವೋ ಬಲವೋ, ಅಂಕಿಗಳು, ಕಿತ್ತ ದಿನಾಂಕ, ಕಿತ್ತವರು ಹೇಳಿದ ಕಾರಣ ಇಷ್ಟನ್ನು ಬರೆದಿಡುವುದು ಸಾಧ್ಯವಿದೆ. ಇದಕ್ಕೆ ಬೇಕಾದುದು ಒಂದು ನೋಟುಬುಕ್ಕು, ಕೆಲವು ಲಕೋಟೆಗಳು ಮತ್ತು ಎಣ್ಣೆಯ ಕೈಯವರೊಡನೆ ಕುಳಿತು ಮಾತನಾಡುವ ತಾಳ್ಮೆ.